ಮಗಳನ್ನು ಮನೆಯಲ್ಲೇ ಓದಿಸಿದ್ದೇವೆ, ಮುಂದೆ ಪಿಯುಸಿ, ಸಿಇಟಿ ಹೇಗೆ? ತುಮಕೂರು, ಕೋಲಾರ ಕಡೆಯವರು ಹೇಳಿ

ಗುಬ್ಬಿ ತೋಟದಮನೆ

ಎಲ್ಲರಿಗೂ ನಮಸ್ಕಾರ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ತೆಂಗು, ಅಡಿಕೆ, ನಾಲ್ಕು ಹಲಸಿನ ಮರ, ಎರಡು ಹಸು. ಮಗಳು 4ನೇ ಕ್ಲಾಸಿನವರೆಗೆ ಸ್ಕೂಲಿಗೆ ಹೋದಳು. ನಾಲ್ಕನೆಯದಂತೂ ಹೆಸರಿಗೆ ಮಾತ್ರ, ಕೊರೊನಾ ಅಂತ ಪೂರ್ತಿ ಮನೆಯಲ್ಲೇ. ಸ್ಕೂಲು ತೆರೆದ ಮೇಲೆ ಅವಳು ಹೋಗಲು ಒಪ್ಪಲಿಲ್ಲ, ನಾವೂ ಬಲವಂತ ಮಾಡಲಿಲ್ಲ. ಟಿಸಿ ತಂದು ಇಟ್ಟುಕೊಂಡೆವು. ಅಂದಿನಿಂದ ಮನೆಯಲ್ಲೇ ಓದು. ಗಣಿತ, ಇಂಗ್ಲಿಷ್ ನಾನು ನೋಡಿಕೊಳ್ಳುತ್ತೇನೆ. ಉಳಿದದ್ದು ತೋಟ, ಲೈಬ್ರರಿ, ಮೊಬೈಲು.

ಈಗ 14 ತುಂಬಿದೆ. ಬಿಎಸ್ಸಿ ಅಗ್ರಿ ಮಾಡಬೇಕು ಅಂತಾಳೆ. ಓದು ಚೆನ್ನಾಗಿದೆ, ಅದರ ಚಿಂತೆ ಇಲ್ಲ. ಆದರೆ ಮೊನ್ನೆ ಒಂದು ಮದುವೆಯಲ್ಲಿ ನಮ್ಮ ಭಾವನವರು ಹತ್ತು ಜನರ ಮುಂದೆ "ನಿಮ್ಮ ಮಗಳಿಗೆ ಯಾವ ಕಾಲೇಜಿನವರೂ ಸೀಟು ಕೊಡಲ್ಲ" ಅಂದರು. ಅವತ್ತಿಂದ ನಿದ್ದೆ ಸರಿಯಿಲ್ಲ. ಎನ್‌ಐಒಎಸ್‌ನಲ್ಲಿ (ಓಪನ್ ಸ್ಕೂಲ್ ಬೋರ್ಡು) 10ನೇದು ಕಟ್ಟಿಸಬೇಕಾ, ಇಲ್ಲ ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಿಸಬೇಕಾ? ಮಾಡಿದವರು ದಯವಿಟ್ಟು ಹೇಳಿ.

ಮಾಲೂರಿನ ಅಪ್ಪ

ಅಕ್ಕ, ನನ್ನ ಮಗ ಎನ್‌ಐಒಎಸ್‌ನಲ್ಲಿ 10 ಮುಗಿಸಿದ. ಮೊದಲು ಧೈರ್ಯದ ಮಾತು. ಅದು ಕೇಂದ್ರ ಸರ್ಕಾರದ ಬೋರ್ಡು, 1989ರಿಂದ ಇದೆ, ಸಿಬಿಎಸ್‌ಇ ತರಹವೇ ಮಾನ್ಯತೆ ಇದೆ. 14 ತುಂಬಿದ್ದರೆ ಸಾಕು, ಹಿಂದಿನ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಐದು ಸಬ್ಜೆಕ್ಟು ಪಾಸಾಗಬೇಕು, 33 ಅಂಕ ಸಾಕು. ಒಂದೇ ಸಲ ಎಲ್ಲಾ ಬರೆಯಬೇಕು ಅಂತಿಲ್ಲ. 5 ವರ್ಷ ಟೈಮು, 9 ಅವಕಾಶ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್-ನವೆಂಬರ್ ಒಂದು ಸಲ ಪರೀಕ್ಷೆ ಇರುತ್ತದೆ.

ಈಗ ನಾನು ಮುಗ್ಗರಿಸಿದ ಕಥೆ. ನಾವು ಅರ್ಜಿ ಹಾಕಿದ್ದು ಒಂದು ಟ್ಯೂಷನ್ ಸೆಂಟರ್ ಮೂಲಕ. ಅಲ್ಲಿದ್ದವನು "ಸಾರ್, ಗಣಿತ ಯಾಕೆ? ಪೇಂಟಿಂಗ್ ಹಾಕೋಣ, ಹೋಂ ಸೈನ್ಸ್ ಹಾಕೋಣ, ಹುಡುಗ ಈಸಿಯಾಗಿ ಪಾಸ್" ಅಂದ. ನಾನು ತಲೆ ಆಡಿಸಿದೆ. ಹುಡುಗ ಪಾಸಾದ, 80ರ ಮೇಲೆ ಬಂತು, ಲಾಡು ಹಂಚಿದೆವು. ಪಿಯು ಕಾಲೇಜಿಗೆ ಹೋದರೆ ಪ್ರಿನ್ಸಿಪಾಲರು ಮಾರ್ಕ್ಸ್ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ "ಇದರಲ್ಲಿ ಗಣಿತ, ವಿಜ್ಞಾನ ಎಲ್ಲಿದೆ?" ಅಂತ ಕೇಳಿದರು. ಎಲ್ಲಿರುತ್ತದೆ! ಆಮೇಲೆ ಅವೆರಡನ್ನೂ ಹೆಚ್ಚುವರಿ ಸಬ್ಜೆಕ್ಟು ಅಂತ ಕಟ್ಟಿಸಿ ಬರೆಸಿದೆ. ಒಂದು ವರ್ಷ ಹೋಯಿತು.

ನಿಮ್ಮ ಮಗಳಿಗೆ ಅಗ್ರಿ ಬೇಕು ಅಂದರೆ ಗಣಿತ, ವಿಜ್ಞಾನ, ಇಂಗ್ಲಿಷ್, ಕನ್ನಡ, ಸಮಾಜ ವಿಜ್ಞಾನ, ಇಷ್ಟೇ ಹಾಕಿಸಿ. ಬೇರೆ ಯಾರು ಏನು ಹೇಳಿದರೂ ಕೇಳಬೇಡಿ. ಅರ್ಜಿಯನ್ನೂ ನೀವೇ ಆನ್‌ಲೈನ್‌ನಲ್ಲಿ ಹಾಕಿ, ಸೆಂಟರಿನವನಿಗೆ ದುಡ್ಡು ಕೊಡುವ ಕೆಲಸ ಇಲ್ಲ.

ಅನುಮಾನಪ್ಪ, ಗೌರಿಬಿದನೂರು

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಕೇಳುತ್ತೇನೆ. ಮಕ್ಕಳನ್ನು ಸ್ಕೂಲಿಗೆ ಕಳಿಸದಿರುವುದು ಕಾನೂನಿಗೆ ವಿರುದ್ಧ ಅಲ್ವಾ? ನಾಳೆ ಯಾರಾದರೂ ಬಂದು ಕೇಳಿದರೆ?

ಚಿಂತಾಮಣಿ ಮೇಷ್ಟ್ರು

ಇದಕ್ಕೆ ನಾನು ಹೇಳುತ್ತೇನೆ, 31 ವರ್ಷ ಪಾಠ ಮಾಡಿ ರಿಟೈರ್ ಆದವನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಅದರಲ್ಲಿದೆ. ಸೇರಿಸದ ತಂದೆತಾಯಿಗೆ ದಂಡ, ಜೈಲು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ನಾವೇ ಮನೆಮನೆಗೆ ಹೋಗುತ್ತಿದ್ದೆವು. ನಮ್ಮ ಕಣ್ಣಿಗೆ ಬೀಳುತ್ತಿದ್ದವರು ಇಟ್ಟಿಗೆ ಗೂಡಿನ ಮಕ್ಕಳು, ಟೊಮೆಟೊ ಬಿಡಿಸಲು ಹೋಗುವ ಮಕ್ಕಳು. ಮನೆಯಲ್ಲಿ ಕೂತು ಬೀಜಗಣಿತ ಮಾಡುವವರು ಸಿಕ್ಕಿದ್ದು ನೆನಪಿಲ್ಲ. ಈ ಮಗುವಿಗೆ ಹೇಗೂ 14 ದಾಟಿದೆ. ಆ ಮಾತು ಬಿಡಿ.

ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಲು 15 ತುಂಬಿರಬೇಕು ತಾಯಿ. ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಕೇಳಿ, ಹೆಡ್‌ಮೇಷ್ಟ್ರಿಗೆ ಗೊತ್ತಿರುತ್ತದೆ. ಒಂದು ಅನುಕೂಲ ಇದೆ. ನಮ್ಮದೇ ಬೋರ್ಡು, ಆದ್ದರಿಂದ ಪಿಯುಸಿಗೆ ಸೇರುವಾಗ ಬೋರ್ಡು ಬದಲಿಸುವ ಮೈಗ್ರೇಶನ್ ಗಲಾಟೆ ಇಲ್ಲ. ಎನ್‌ಐಒಎಸ್ ಆದರೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು.

ಪಿಯು ಲೆಕ್ಚರರ್, ತಿಪಟೂರು

ಎಲ್ಲರೂ 10ನೇದು ಹೇಗೆ ಪಾಸಾಗುವುದು ಅಂತ ಮಾತಾಡುತ್ತಿದ್ದೀರಿ. ಪಾಸಾಗುವುದು ದೊಡ್ಡ ವಿಷಯವೇ ಅಲ್ಲ. ಪ್ರತಿ ವರ್ಷ ಸಿಇಟಿ ಅರ್ಜಿ ಹಾಕಿಸುವಾಗ ನಾನು ನೋಡುವುದು ಬೇರೆಯದೇ.

ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕು ಅಂದರೆ ಕರ್ನಾಟಕದವರು ಅಂತ ತೋರಿಸಬೇಕು. ಅದಕ್ಕೆ ಆಧಾರ್, ರೇಷನ್ ಕಾರ್ಡ್, ಪಹಣಿ ಯಾವುದೂ ಲೆಕ್ಕಕ್ಕಿಲ್ಲ. 1ನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿ ತನಕ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಇರುವ ಶಾಲೆ, ಕಾಲೇಜಿನಲ್ಲಿ ಓದಿ ಪಾಸಾಗಿರಬೇಕು. ಜೊತೆಗೆ 10 ಅಥವಾ 12, ಎರಡರಲ್ಲಿ ಒಂದನ್ನು ಇಲ್ಲೇ ಪಾಸು ಮಾಡಿರಬೇಕು. ಯಾವ ಕ್ಲಾಸು ಯಾವ ಶಾಲೆ ಅಂತ ಒಂದೊಂದೇ ತುಂಬಿಸಬೇಕು, ವ್ಯಾಸಂಗ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ.

ಈಗ ಎಣಿಸಿ ಮೇಡಂ. ನಿಮ್ಮ ಮಗಳು ಸ್ಕೂಲಿನಲ್ಲಿ 4 ವರ್ಷ. ಪಿಯುಸಿ 2 ವರ್ಷ ಕಾಲೇಜಿಗೆ ಹೋದರೂ 6. ಒಂದು ವರ್ಷ ಕಡಿಮೆ. 10ನೇದನ್ನು ಪ್ರೈವೇಟಾಗಿ ಕಟ್ಟಿದರೆ ಪರೀಕ್ಷೆ ಪಾಸಾಗುತ್ತದೆ, ಆದರೆ "ಈ ವರ್ಷ ನಮ್ಮಲ್ಲಿ ಓದಿದಳು" ಅಂತ ಬರೆದುಕೊಡಲು ಶಾಲೆ ಇರುವುದಿಲ್ಲ.

ಇನ್ನೆರಡು ನಷ್ಟ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ಹೊಟ್ಟೆ ಉರಿಯುವುದು ಬೇಡ. ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5 ಪರ್ಸೆಂಟ್. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷದ ಶಾಲೆ ಬೇಕು. ನಿಮ್ಮ ಮಗಳು ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಬೆಳೆದು ಕನ್ನಡದಲ್ಲೇ ಓದಿರಬಹುದು. ಎರಡೂ ಸಿಗುವುದಿಲ್ಲ.

ಗುಬ್ಬಿ ತೋಟದಮನೆ

ಸರ್, ಇದನ್ನು ಓದಿ ಕೈಕಾಲು ತಣ್ಣಗಾಯಿತು. ಇಷ್ಟು ವರ್ಷ ಈ 7 ವರ್ಷದ ವಿಷಯ ಯಾರೂ ಹೇಳಿಲ್ಲ. ಮನೆಯಲ್ಲಿ ಓದಿಸುವವರ ಸಭೆಗೆ ಬೆಂಗಳೂರಿಗೆ ಎರಡು ಸಲ ಹೋಗಿದ್ದೇನೆ. ಅಲ್ಲಿ ಮಾತೆಲ್ಲಾ ಮಗುವಿನ ಮನಸ್ಸು, ಸ್ವಾತಂತ್ರ್ಯ, ಇವುಗಳ ಬಗ್ಗೆ. ಬಿಇಒ ಮೇಲುಸಹಿ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಈಗ ಏನು ಮಾಡಲಿ? 9ನೇ ಕ್ಲಾಸಿಗೆ ಸೇರಿಸಿಬಿಡಲಾ?

ಮಾಲೂರಿನ ಅಪ್ಪ

ನನ್ನ ಮಗ 7ನೇ ಕ್ಲಾಸು ಮುಗಿಸಿ ಬಿಟ್ಟವನು, ಅದಕ್ಕೇ ನನಗೆ ಇದು ತಟ್ಟಲಿಲ್ಲ ನೋಡಿ. ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ ಅಕ್ಕ.

ಪಿಯು ಲೆಕ್ಚರರ್, ತಿಪಟೂರು

ಗಾಬರಿ ಬೇಡ ಮೇಡಂ. ಅದೇ ನಿಯಮದ ಪಟ್ಟಿಯಲ್ಲಿ ಕೆಳಗೆ ಇನ್ನೊಂದು ಕಲಮು ಇದೆ, ಜನ ಅಲ್ಲಿವರೆಗೆ ಓದುವುದೇ ಇಲ್ಲ. ಮಗು ಫಸ್ಟ್ ಮತ್ತು ಸೆಕೆಂಡ್ ಪಿಯುಸಿ ಎರಡನ್ನೂ ಕರ್ನಾಟಕದ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿ ಪಾಸಾಗಿರಬೇಕು. ಜೊತೆಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ಅಷ್ಟಿದ್ದರೆ ಮಗು ಎಷ್ಟು ವರ್ಷ ಸ್ಕೂಲಿಗೆ ಹೋಗಿದ್ದಳು ಅನ್ನುವ ಪ್ರಶ್ನೆ ಬರುವುದಿಲ್ಲ. ನೀವು, ನಿಮ್ಮ ಯಜಮಾನರು ಎಲ್ಲಿ ಓದಿದ್ದು?

9ನೇದಕ್ಕೆ ಸೇರಿಸಿದರೂ ಲೆಕ್ಕ ಸರಿಹೋಗುತ್ತದೆ. ನಾಲ್ಕು, ಎರಡು, ಎರಡು, ಒಟ್ಟು ಎಂಟು. ಮಗಳು ಒಪ್ಪಬೇಕಲ್ಲ.

ಗುಬ್ಬಿ ತೋಟದಮನೆ

ಒಪ್ಪಲ್ಲ ಸರ್. ಕೇಳಿದೆ, ತಟ್ಟೆ ಬಿಟ್ಟು ಎದ್ದು ಹೋದಳು.

ನಮ್ಮ ಯಜಮಾನರು ಮಡಕಶಿರಾದವರು. ಮನೆಮಾತು ಕನ್ನಡ, ಆದರೆ ಓದಿದ್ದೆಲ್ಲಾ ಆಂಧ್ರದ ಸ್ಕೂಲು. ಅವರದ್ದು ನಡೆಯಲ್ಲ ಅಂತಾಯಿತು. ನಾನು ಮಧುಗಿರಿ ತಾಲ್ಲೂಕಿನವಳು. 1ರಿಂದ 7 ನಮ್ಮೂರ ಸರ್ಕಾರಿ ಶಾಲೆ. ಸರಿಯಾಗಿ ಏಳು! ಆದರೆ ಅದು ಮೂವತ್ತು ವರ್ಷದ ಹಿಂದಿನ ಮಾತು. ದಾಖಲೆ ಇರುತ್ತದಾ?

ಚಿಂತಾಮಣಿ ಮೇಷ್ಟ್ರು

ಇರುತ್ತದೆ ತಾಯಿ. ದಾಖಲಾತಿ ಪುಸ್ತಕವನ್ನು ಯಾವ ಹೆಡ್‌ಮೇಷ್ಟ್ರೂ ಎಸೆಯುವುದಿಲ್ಲ. ಗೆದ್ದಲು ಹಿಡಿಯದಿದ್ದರೆ ನಿಮ್ಮ ಹೆಸರು ಅಲ್ಲೇ ಇರುತ್ತದೆ. ಮೊದಲು ನಿಮ್ಮ ಹಳೇ ಟಿಸಿ ಹುಡುಕಿ. ಅದರ ಮೇಲೆ ದಾಖಲಾತಿ ನಂಬರ್ ಇದ್ದರೆ ಹುಡುಕುವ ಕೆಲಸ ಅರ್ಧ ಮುಗಿಯಿತು. ಭಾನುವಾರ ಬಿಟ್ಟು, ಬಿಸಿಯೂಟದ ಹೊತ್ತು ಬಿಟ್ಟು ಹೋಗಿ.

ಕ್ಯಾತ್ಸಂದ್ರದ ಹುಡುಗ

ಅಕ್ಕ, ನಾನು 6ನೇ ಕ್ಲಾಸಿನಿಂದ ಮನೆಯಲ್ಲಿ ಓದಿದವನು. ಈಗ ತುಮಕೂರಿನಲ್ಲೇ ಇಂಜಿನಿಯರಿಂಗ್ ಮೂರನೇ ವರ್ಷ. ನನ್ನದು 10, 12 ಎರಡೂ ಎನ್‌ಐಒಎಸ್. ಸಿಇಟಿ ಬಿಟ್ಟು ಕಾಮೆಡ್‌ಕೆ ಬರೆದೆ. ಅದು ಖಾಸಗಿ ಕಾಲೇಜುಗಳ ಪರೀಕ್ಷೆ, ಯಾವ ರಾಜ್ಯದವರಾದರೂ ಬರೆಯಬಹುದು, 7 ವರ್ಷ ತೋರಿಸಿ ಅಂತ ಕೇಳುವುದಿಲ್ಲ. ಫೀಸು ಮಾತ್ರ ಸಿಇಟಿ ಸೀಟಿಗಿಂತ ಎಷ್ಟೋ ಜಾಸ್ತಿ. ಅಪ್ಪ ಇವತ್ತಿಗೂ ಆ ಮಾತು ಎತ್ತುತ್ತಾರೆ. ಜೆಇಇ ಮೇನ್‌ಗೂ ಎನ್‌ಐಒಎಸ್ ನಡೆಯುತ್ತದೆ, ಐದು ಸಬ್ಜೆಕ್ಟು ಇರಬೇಕು ಅಷ್ಟೇ. ಡಾಕ್ಟರ್ ಆಗಬೇಕು ಅನ್ನುವವರಿಗೆ ಮೊದಲು ಓಪನ್ ಸ್ಕೂಲ್ ಅಂದರೆ ನೀಟ್‌ನಲ್ಲಿ ತಕರಾರು ಇತ್ತು. 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದು ಬಗೆಹರಿಯಿತು.

ಅಗ್ರಿಗೆ ಈ ದಾರಿ ಸುತ್ತುಬಳಸು. ಪಿಯುಸಿ ಕಾಲೇಜಿಗೇ ಸೇರಿಸಿ ಸಿಇಟಿ ಬರೆಸಿ. ಕಾಗದದ ವಿಷಯ ಸರ್ ಹೇಳಿದ್ದಾರೆ, ನಾನು ಪರೀಕ್ಷೆ ಬಗ್ಗೆ ಹೇಳುತ್ತೇನೆ.

ಮನೆಯಲ್ಲಿ ಓದಿದವರಿಗೆ ವಿಷಯ ಗೊತ್ತಿರುತ್ತದೆ, ಕೂರುವುದು ಗೊತ್ತಿರುವುದಿಲ್ಲ. ನಾನು ಮೊದಲ ಸಲ ಪರೀಕ್ಷೆ ಅಂತ ಕೂತಾಗ ಮುಕ್ಕಾಲು ಗಂಟೆಗೆ ನೀರು ಕುಡಿಯಲು ಎದ್ದುಬಿಟ್ಟೆ. ಮನೆಯಲ್ಲಿ ಹಾಗೇ ತಾನೇ ಅಭ್ಯಾಸ? ಮೇಲ್ವಿಚಾರಕರು "ಏಯ್, ಎಲ್ಲಿಗಪ್ಪಾ?" ಅಂದಾಗಲೇ ಎಚ್ಚರ. ಹಾಲೆಲ್ಲಾ ನನ್ನ ಕಡೆ ನೋಡಿತು. ಇನ್ನೊಂದು, ಕೈ ನೋವು. ದಿನಾ ಬರೆದು ಅಭ್ಯಾಸ ಇಲ್ಲದವನಿಗೆ ಮೂರು ಗಂಟೆ ಬರೆಯುವುದು ಹೊಲ ಅಗೆದ ಹಾಗೆ.

ಸಿಇಟಿ ಬೇರೆ ಥರ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆ, ತಪ್ಪಿಗೆ ಒಂದು ಅಂಕ ಹೋಗುತ್ತದೆ. ಆ ಅಭ್ಯಾಸ ಬೇರೆ. ಮನೆಯಲ್ಲಿ ಓದಿದ ಮಕ್ಕಳು ಒಂದು ಪ್ರಶ್ನೆ ಬರದಿದ್ದರೆ ಬಿಡುವುದಿಲ್ಲ, ಅದರ ಹಿಂದೆಯೇ ಬೀಳುತ್ತಾರೆ. ನಾನೂ ಹಾಗೇ. 20 ನಿಮಿಷ ಒಂದೇ ಲೆಕ್ಕಕ್ಕೆ ಕೊಟ್ಟಿದ್ದೇನೆ. ಬಿಟ್ಟು ಮುಂದೆ ಹೋಗುವುದನ್ನು ಕಲಿಸಿ ಅಕ್ಕ, ಅದೇ ಕಷ್ಟ.

ಶ್ರೀನಿವಾಸಪುರದ ಮಾವು

ನಮ್ಮ ಅಕ್ಕನ ಮಕ್ಕಳು ಅಮೆರಿಕದಲ್ಲಿ ಮನೆಯಲ್ಲೇ ಓದಿದವರು. ಅಲ್ಲಿ ಅಮ್ಮನೇ ಕೂತು ಅಂಕಪಟ್ಟಿ ಮಾಡಿದಳು. ಯಾವ ವರ್ಷ ಯಾವ ಪಾಠ, ಯಾವ ಪುಸ್ತಕ, ಎಷ್ಟು ಗ್ರೇಡು, ಎಲ್ಲಾ ಅವಳದ್ದೇ ಕೈಬರಹ, ಅವಳದ್ದೇ ಸಹಿ. ಕಾಲೇಜಿನವರು ತಗೊಂಡರು! ಅಮ್ಮ ಕೊಟ್ಟ ಮಾರ್ಕ್ಸನ್ನು ಸುಮ್ನೆ ನಂಬಿಬಿಡುತ್ತಾರಾ, ಅದಕ್ಕೇ ಸ್ಯಾಟ್ ಪರೀಕ್ಷೆ ಚೆನ್ನಾಗಿ ಬರೆದರೆ ಬೆಲೆ ಜಾಸ್ತಿ. 1600ಕ್ಕೆ ಆ ಪರೀಕ್ಷೆ, ಈಗ ಎಲ್ಲಾ ಕಂಪ್ಯೂಟರಿನಲ್ಲೇ, 2 ಗಂಟೆ 14 ನಿಮಿಷ. ಓದು ಬರಹದ್ದು 54 ಪ್ರಶ್ನೆ, ಗಣಿತದ್ದು 44. ಮೊದಲ ಭಾಗ ಚೆನ್ನಾಗಿ ಮಾಡಿದರೆ ಎರಡನೇ ಭಾಗ ಕಷ್ಟದ್ದು ಕೊಡುತ್ತದಂತೆ. ಗಣಿತಕ್ಕೆ ಕ್ಯಾಲ್ಕುಲೇಟರ್ ಬೇರೆ ಬಿಡುತ್ತಾರೆ. ನಮ್ಮ ಮಗ್ಗಿ ಕಾಲದವರಿಗೆ ಹೊಟ್ಟೆಕಿಚ್ಚು.

ಇಲ್ಲಿ ನಾವು ಹಾಗೆ ಅಂಕಪಟ್ಟಿ ಬರೆದುಕೊಂಡು ಹೋದರೆ ಅದರಲ್ಲಿ ಮಂಡಕ್ಕಿ ಕಟ್ಟಿ ಕೊಡುತ್ತಾರೆ.

ಗುಬ್ಬಿ ತೋಟದಮನೆ

ಅಯ್ಯೋ, ಇದನ್ನೂ ಬರೆಯಬೇಕಾ? ಪಕ್ಕದ ಊರಿನ ಹೈಸ್ಕೂಲಿನಲ್ಲಿ ವಿಚಾರಿಸಿದಾಗ ಕ್ಲರ್ಕ್ ಕೂಡ "ಸ್ಯಾಟ್ಸ್ ನಂಬರ್ ಇದೆಯಾ" ಅಂತ ಕೇಳಿದರು. ಅವಳು ಆ ಪರೀಕ್ಷೆ ಬರೆದಿಲ್ಲ ಅಂತ ಹೇಳಿ ಬಂದೆ.

ಪಿಯು ಲೆಕ್ಚರರ್, ತಿಪಟೂರು

ನಕ್ಕು ನಕ್ಕು ಸಾಕಾಯಿತು ಮೇಡಂ, ಕ್ಷಮಿಸಿ. ಅವರು ಹೇಳಿದ ಸ್ಯಾಟ್ ಅಮೆರಿಕದ ಪರೀಕ್ಷೆ, ನಿಮಗೆ ಬೇಡ. ಕ್ಲರ್ಕ್ ಕೇಳಿದ ಸ್ಯಾಟ್ಸ್ ನಮ್ಮ ಶಿಕ್ಷಣ ಇಲಾಖೆಯದ್ದು. ಪ್ರತಿ ವಿದ್ಯಾರ್ಥಿಗೂ ಒಂದು ನಂಬರ್. ನಿಮ್ಮ ಮಗಳು 4ನೇ ಕ್ಲಾಸಿನವರೆಗೆ ಓದಿದ್ದರಿಂದ ಅವಳಿಗೂ ಇದ್ದೇ ಇರುತ್ತದೆ, ಟಿಸಿ ಮೇಲೆ ನೋಡಿ.

ಇನ್ನೊಂದು ಮಾತು. ಪಿಯುಸಿಯನ್ನೂ ಪ್ರೈವೇಟಾಗಿ ಕಟ್ಟಬಹುದಲ್ಲ ಅಂತ ಯಾರಾದರೂ ಹೇಳುತ್ತಾರೆ. ಆರ್ಟ್ಸ್, ಕಾಮರ್ಸ್‌ಗೆ ಸರಿ. ಸೈನ್ಸ್‌ಗೆ ಆಗಲ್ಲ, ಪ್ರಾಕ್ಟಿಕಲ್ ಇದೆಯಲ್ಲ. ಸರ್ಕಾರಿ ಪಿಯು ಕಾಲೇಜೇ ಸಾಕು, ಲ್ಯಾಬ್ ತೆರೆಯುವ ಕಾಲೇಜು ನೋಡಿ ಸೇರಿಸಿ. ಹಾಜರಿ ಕಟ್ಟುನಿಟ್ಟು. ಅಗ್ರಿ ರ‍್ಯಾಂಕಿಗೆ ಪಿಯುಸಿ ಅಂಕವನ್ನೂ ಸೇರಿಸುತ್ತಾರೆ, ಆದ್ದರಿಂದ ಕಾಲೇಜು ಪರೀಕ್ಷೆಯನ್ನು ಹಗುರವಾಗಿ ತಗೊಳ್ಳಬೇಡಿ.

ಎನ್‌ಐಒಎಸ್‌ನಲ್ಲಿ 10 ಮಾಡಿಸುವುದಾದರೆ ಅಕ್ಟೋಬರ್ ಪರೀಕ್ಷೆಗೇ ಬರೆಸಿ. ಏಪ್ರಿಲ್‌ನಲ್ಲಿ ಬರೆದರೆ ಫಲಿತಾಂಶ ಬರುವಷ್ಟರಲ್ಲಿ ನಮ್ಮಲ್ಲಿ ಸೀಟು ತುಂಬುತ್ತಾ ಬಂದಿರುತ್ತದೆ, ನೀವು ದಂಡ ಕಟ್ಟಿ ಕೊನೆಯಲ್ಲಿ ನಿಲ್ಲಬೇಕು. ಅಸೈನ್‌ಮೆಂಟು ಮರೆಯಬೇಡಿ, ಅದಕ್ಕೆ 20 ಪರ್ಸೆಂಟ್ ಇದೆ. ಎಷ್ಟೋ ಮಕ್ಕಳು ಅದನ್ನು ಕೊಡುವುದೇ ಇಲ್ಲ.

ಅನುಮಾನಪ್ಪ, ಗೌರಿಬಿದನೂರು

ಅಷ್ಟೆಲ್ಲಾ ಕಷ್ಟ ಯಾಕೆ? 10 ಆದ ಮೇಲೆ ಪಾಲಿಟೆಕ್ನಿಕ್‌ಗೆ ಹಾಕಿ. ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದರೆ ಸೀದಾ ಎರಡನೇ ವರ್ಷದ ಇಂಜಿನಿಯರಿಂಗ್.

ಮಾಲೂರಿನ ಅಪ್ಪ

ಅಣ್ಣ, ಆ ಹುಡುಗಿಗೆ ಅಗ್ರಿ ಬೇಕು ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ. ನಿಮ್ಮ ಮಾತು ಬೇರೆ ಯಾರಿಗಾದರೂ ಉಪಯೋಗ ಆಗಬಹುದು, ಇರಲಿ. ಅಕ್ಕ, ನಿಮ್ಮ ಹೆಸರಲ್ಲಿ ಜಮೀನು ಇದ್ದರೆ ಕೃಷಿಕರ ಕೋಟಾ ನೋಡಿ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಕೇಳುತ್ತಾರೆ. ತೋಟದಲ್ಲಿ ಬೆಳೆದ ಮಗು ಅಲ್ಲಿ ಮಿಂಚುತ್ತಾಳೆ.

ಗುಬ್ಬಿ ತೋಟದಮನೆ

ಮೂರು ವಾರ ಆಯಿತು, ಬರೆಯಲು ಆಗಿರಲಿಲ್ಲ. ನಿನ್ನೆ ನಮ್ಮೂರ ಶಾಲೆಗೆ ಹೋಗಿದ್ದೆ. ಮಗಳನ್ನೂ ಕರೆದುಕೊಂಡು ಹೋದೆ.

ಹೆಡ್‌ಮೇಡಂ ನನಗಿಂತ ಚಿಕ್ಕವರು. ಬೀರುವಿನ ಮೇಲಿನ ಕಬ್ಬಿಣದ ಪೆಟ್ಟಿಗೆ ಇಳಿಸಿದರು. ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆ ಪುಸ್ತಕ, ಬೆನ್ನಿಗೆ ಮೈದಾ ಅಂಟು ಹಾಕಿ ಪೇಪರ್ ಮೆತ್ತಿದ್ದಾರೆ. ನನ್ನ ಟಿಸಿ ಸಿಕ್ಕಿರಲಿಲ್ಲ, ವರ್ಷ ಮಾತ್ರ ಗೊತ್ತಿತ್ತು. ಮಗಳೇ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋದಳು. ಒಂದು ಪುಟದ ತುಂಬಾ ಎಲ್ಲರ ಹುಟ್ಟಿದ ದಿನವೂ ಜೂನ್ 1! "ಅಮ್ಮ, ನಿಮ್ಮೂರಲ್ಲಿ ಎಲ್ಲರೂ ಒಂದೇ ದಿನ ಹುಟ್ಟಿದ್ದಾ?" ಅಂದಳು. ಆಗಿನ ಮೇಷ್ಟ್ರು ಹಾಗೇ ಬರೆದುಕೊಳ್ಳುತ್ತಿದ್ದರು, ಅಪ್ಪ ಅಮ್ಮನಿಗೆ ತಾರೀಖು ಎಲ್ಲಿ ಗೊತ್ತಿತ್ತು? ನನ್ನದೂ ಜೂನ್ 1. ಆಧಾರಿನಲ್ಲೂ ಅದೇ ಇದೆ, ಸದ್ಯ.

ನನ್ನ ಹೆಸರು ಸಿಕ್ಕಿತು. ನೀಲಿ ಇಂಕು ಕಂದು ಬಣ್ಣಕ್ಕೆ ತಿರುಗಿದೆ. ನನ್ನ ಮುಂದಿನ ಸಾಲಿನಲ್ಲಿ ನಮ್ಮ ಅಣ್ಣ, ಇಬ್ಬರನ್ನೂ ಅಪ್ಪ ಒಂದೇ ದಿನ ಸೇರಿಸಿದ್ದರು. ಪೋಷಕರ ಸಹಿ ಜಾಗದಲ್ಲಿ ಅಪ್ಪನ ಹೆಬ್ಬೆಟ್ಟು. ಅಪ್ಪ ಹೋಗಿ ಒಂಬತ್ತು ವರ್ಷ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ, ಮೇಡಂ ನೀರು ತರಿಸಿಕೊಟ್ಟರು.

ಒಂದು ತೊಡಕು ಇದೆ. ಅದರಲ್ಲಿ ನನ್ನ ಹೆಸರಿನ ಕೊನೆಗೆ "ಅಮ್ಮ" ಇದೆ, ಆಧಾರಿನಲ್ಲಿ ಇಲ್ಲ.

ಚಿಂತಾಮಣಿ ಮೇಷ್ಟ್ರು

ತಾಯಿ, ಅದು ದೊಡ್ಡದಲ್ಲ. ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ. ವ್ಯಾಸಂಗ ಪ್ರಮಾಣಪತ್ರದಲ್ಲಿ ಪುಸ್ತಕದಲ್ಲಿ ಇದ್ದ ಹಾಗೇ ಹೆಸರು ಬರಲಿ, ತಿದ್ದಿಸಲು ಹೋಗಬೇಡಿ. ಹೆಡ್‌ಮೇಡಂ ಸಹಿ, ಸೀಲು ಆದ ಮೇಲೆ ಮಧುಗಿರಿಯಲ್ಲಿ ಬಿಇಒ ಮೇಲುಸಹಿ. ಈಗಲೇ ಮಾಡಿಸಿಟ್ಟುಕೊಳ್ಳಿ, ಸಿಇಟಿ ವರ್ಷ ಎಲ್ಲರೂ ಅಲ್ಲೇ ಇರುತ್ತಾರೆ.

ಗುಬ್ಬಿ ತೋಟದಮನೆ

ಸೋಮವಾರ ಹೋಗುತ್ತೇನೆ ಮೇಷ್ಟ್ರೇ. ಎನ್‌ಐಒಎಸ್ ಅರ್ಜಿ ನಾನೇ ಹಾಕಿದೆ, ಗಣಿತ, ವಿಜ್ಞಾನ ಸೇರಿಸಿ ಐದು. ಅಕ್ಟೋಬರ್ ಪರೀಕ್ಷೆ. ಭಾವನವರಿಗೆ ಇನ್ನೂ ಹೇಳಿಲ್ಲ.

ಇದು ನಾನು, ಮಗಳು, ಅಮ್ಮನ ಫೋನಿಂದ. ಕ್ಯಾತ್ಸಂದ್ರದ ಅಣ್ಣ, ನಿನ್ನೆ 80 ನಿಮಿಷ ಎದ್ದೇಳದೆ ಕೂತೆ. 72ನೇ ನಿಮಿಷಕ್ಕೆ ಕರು ಹಗ್ಗ ಬಿಚ್ಚಿಕೊಂಡು ಸೊಪ್ಪಿನ ಮಡಿಗೆ ನುಗ್ಗಿತು, ಆದರೂ ಏಳಲಿಲ್ಲ. ಅಮ್ಮ ಓಡಿದರು. ಗುಂಡಗೆ ಶೇಡ್ ಮಾಡುವ ಆ ಶೀಟು ಎಲ್ಲಿ ಸಿಗುತ್ತದೆ?

ಕ್ಯಾತ್ಸಂದ್ರದ ಹುಡುಗ

ಅದಕ್ಕೆ ಓಎಂಆರ್ ಶೀಟು ಅಂತಾರೆ ಪುಟ್ಟಿ. ಹಳೇ ಸಿಇಟಿ ಪ್ರಶ್ನೆಪತ್ರಿಕೆ ಆ ಪರೀಕ್ಷೆ ನಡೆಸುವ ಕೆಇಎ ವೆಬ್‌ಸೈಟಿನಲ್ಲೇ ಇವೆ, ಇಳಿಸಿಕೋ. ಓಎಂಆರ್ ಶೀಟು ಗುಬ್ಬಿಯ ಯಾವ ಜೆರಾಕ್ಸ್ ಅಂಗಡಿಯಲ್ಲಿ ಕೇಳಿದರೂ ಪ್ರಿಂಟ್ ತೆಗೆದುಕೊಡುತ್ತಾರೆ. ಪೆನ್ಸಿಲ್ ಮುಟ್ಟಬೇಡ, ಬಾಲ್ ಪೆನ್ನಲ್ಲೇ ಶೇಡ್ ಮಾಡು. ಸೊಪ್ಪು ಉಳಿಯಿತಾ?